ನೀರಿಗೆ ಬಿಟ್ಟ ಕಪ್ಪು

ಅಕ್ಕಸಾಲಿಗರ ಮನೆಗೆ ಸೊಸೆಯಾಗಿ ಬಂದವಳು ಎಲ್ಲಕ್ಕಿಂತ ಮೊದಲು ಕಲಿಯುವ ಪಾಠವೆಂದರೆ ಅರಗು ನೀರಿಗೆ ಜಗ್ಗುವುದಿಲ್ಲ ಎಂಬುದು. ರಾಳಕ್ಕೆ ಇಟ್ಟಿಗೆಯ ಪುಡಿಯನ್ನೂ ಎಣ್ಣೆಯನ್ನೂ ಕೂಡಿಸಿ ಕಾಯಿಸಿದ ಆ ಕಪ್ಪು ಮುದ್ದೆಯ ಮೇಲೆ ಬೆಳ್ಳಿಯ ತಗಡನ್ನು ಕೂರಿಸಿ, ಉಳಿಯಿಟ್ಟು ಮೆಲ್ಲಗೆ ಬಡಿದರೆ ಮಾತ್ರ ತಗಡಿನಲ್ಲಿ ಮೂಗು ಏಳುತ್ತದೆ, ಕೆನ್ನೆ ಉಬ್ಬುತ್ತದೆ. ಅರಗು ಕೈಗಂಟಿದರೆ ಸೀಮೆಎಣ್ಣೆ ಹಚ್ಚಿ ಉಜ್ಜಬೇಕು. ನೆಲಕ್ಕಂಟಿದರೆ ಕೆರೆದು ತೆಗೆಯಬೇಕು. ಚಿನಕುರಳಿಯ ಕೃಷ್ಣಮೂರ್ತಿ ಆಚಾರಿಯ ಸೊಸೆ ಅನುಶ್ರೀ ಈ ಪಾಠವನ್ನು ಮದುವೆಯಾದ ಹೊಸತರಲ್ಲೇ ಒಂದು ಒಳ್ಳೆಯ ಸೀರೆಯನ್ನು ಹಾಳುಮಾಡಿಕೊಂಡು ಕಲಿತಿದ್ದಳು.

ಆದ್ದರಿಂದಲೇ ಆ ಬೆಳಗ್ಗೆ ಪಾಯಿಖಾನೆಯ ಬಿಳಿಯ ಪಿಂಗಾಣಿಗೆ ಮೆತ್ತಿಕೊಂಡಿದ್ದ ಕಪ್ಪು ಕಲೆ ಒಂದು ಚೊಂಬು ನೀರಿಗೇ ಕದಡಿ ಹರಿದದ್ದನ್ನು ಕಂಡಾಗ ಅವಳು ನಿಂತಲ್ಲೇ ನಿಂತುಬಿಟ್ಟಳು.

ಆ ಕಲೆಯನ್ನು ಅವಳು ಮೊದಲ ಬಾರಿ ನೋಡುತ್ತಿರಲಿಲ್ಲ. ಈ ವಾರದಲ್ಲೇ ಒಮ್ಮೆ ಅಂಚಿನಲ್ಲಿ ಅದನ್ನು ಕಂಡು ಮಾವನನ್ನು ಕೇಳಿದ್ದಳು. ‘ಅರಗು ಕಣವ್ವ, ಅಂಗಾಲ್ಗೆ ಮೆತ್ಕಂಡಿರ್ತದೆ’ ಎಂದು ಅವರು ನಕ್ಕಿದ್ದರು. ಕೆಲಸದ ಕೋಣೆಯಿಂದ ನೇರವಾಗಿ ಎದ್ದು ಹೋಗುವ ಮನುಷ್ಯ. ಬಾಗಿಲು, ಹೊಸ್ತಿಲು, ಕಾಫಿ ಲೋಟದ ಹಿಡಿಯವರೆಗೆ ಎಲ್ಲೆಲ್ಲೂ ಅರಗಿನ ಗುರುತು ಬಿಡುವವರು. ನಂಬದಿರಲು ಕಾರಣವಿರಲಿಲ್ಲ. ಬಿಡುವಾದಾಗ ಸೀಮೆಎಣ್ಣೆ ಹಾಕಿ ಉಜ್ಜಿದರಾಯಿತೆಂದು ಅವಳು ಸುಮ್ಮನಾಗಿದ್ದಳು.

ಈಗ ಹರಿದ ನೀರಿನ ಅಂಚು ಕಪ್ಪಾಗಿರಲಿಲ್ಲ, ಕಂದುಗೆಂಪಾಗಿತ್ತು. ಜೊತೆಗೆ ವಾಸನೆ. ಊರಿನ ಹಾಲಿನ ಡೇರಿಯಲ್ಲಿ ದಿನವೂ ಕ್ಯಾನುಗಳ ಮುಚ್ಚಳ ತೆಗೆದು ಮೂಸಿ, ಕೆಟ್ಟ ಹಾಲನ್ನು ಬೇರೆ ಮಾಡುವ ಕೆಲಸ ಅವಳದು. ಅವಳ ಮೂಗು ಸುಲಭವಾಗಿ ಮೋಸ ಹೋಗುತ್ತಿರಲಿಲ್ಲ. ಇದು ರಾಳದ ವಾಸನೆಯಲ್ಲ. ಹಳಸಿದ ರಕ್ತದ ವಾಸನೆ.

ಅನುಶ್ರೀ ಚೊಂಬನ್ನು ಕೆಳಗಿಟ್ಟು ಕೆಲಸದ ಕೋಣೆಯ ಕಡೆಗೆ ನಡೆದಳು. ಒಳಗಿನಿಂದ ಸುತ್ತಿಗೆಯ ಸದ್ದು ಬರುತ್ತಿತ್ತು. ಎಂದಿನಂತೆ ಒಂದೇ ಹದದ ಸದ್ದಲ್ಲ. ನಡುನಡುವೆ ನಿಂತು, ಉಸಿರು ಎಳೆದುಕೊಂಡು, ಮತ್ತೆ ಶುರುವಾಗುವ ಸದ್ದು.

ಕೃಷ್ಣಮೂರ್ತಿ ಆಚಾರಿ ಗಿಡ್ಡ ಮಣೆಯ ಮೇಲೆ ಚಕ್ಕಳಮಕ್ಕಳ ಕುಳಿತು ಅರಗಿನ ಬಟ್ಟಲಿನ ಮೇಲೆ ಬಾಗಿದ್ದರು. ಬಟ್ಟಲಿನಲ್ಲಿ ಅಂಗಾತ ಮಲಗಿತ್ತು ಬೆಳ್ಳಿಯ ಮುಖ: ಹಣೆ, ಮೂಗು, ಮುಗುಳ್ನಗೆಯ ತುಟಿ ಎಲ್ಲ ಮೂಡಿ, ಕಣ್ಣಿನ ಜಾಗದಲ್ಲಿ ಮಾತ್ರ ನುಣ್ಣಗಿನ ಎರಡು ಉಬ್ಬು. ಅದು ಪಕ್ಕದ ಬೀದಿಯ ಶಿವಣ್ಣನ ಮನೆದೇವರು ಹಟ್ಟಿಲಕ್ಕಮ್ಮನ ಮುಖ. ಮೊಮ್ಮಗ ಚಿನ್ನು ಜ್ವರದಲ್ಲಿ ಪ್ರಜ್ಞೆ ತಪ್ಪಿದ್ದಾಗ ಶಿವಣ್ಣನ ಹೆಂಡತಿ ದ್ಯಾವಮ್ಮ ಹೊತ್ತ ಹರಕೆ. ಮಗು ಎದ್ದು ಓಡಾಡಿತು. ಬೆಳ್ಳಿ ಆಚಾರಿಯ ಮನೆಗೆ ಬಂತು. ಅದನ್ನು ಕರಗಿಸಿದ ದಿನ ದ್ಯಾವಮ್ಮ ಆಚಾರಿಯ ಬಲಗೈಗೆ ಅರಿಸಿನದ ದಾರ ಕಟ್ಟಿದ್ದಳು. ಕಟ್ಟಿದವರೇ ಬಿಚ್ಚಬೇಕು, ಅದೂ ಕಣ್ಣು ಬಿಡಿಸಿದ ಮೇಲೆಯೇ ಬಿಚ್ಚಬೇಕು ಎಂಬುದು ಕಟ್ಟಳೆ. ಅಲ್ಲಿಯವರೆಗೆ ಮುಖ ಮಾಡುವವನು ಒಪ್ಪೊತ್ತು ಉಣ್ಣಬೇಕು: ದೀಪ ಹಚ್ಚಿದ ಮೇಲೆ ಒಂದೇ ಊಟ. ಹಗಲೆಲ್ಲ ನೀರು, ಕರಿಕಾಫಿ, ಅಷ್ಟೇ.

ಇಂದು ಕಣ್ಣು ಬಿಡಿಸುವ ದಿನ. ಬಿಸಿಲೇರುವ ಮೊದಲೇ ಶಿವಣ್ಣನ ಮನೆಯವರು ಬರುವವರಿದ್ದರು.

‘ಬಾಗ್ಲಾಗೆ ಯಾಕ್ ನಿಂತ್ಕಂಡೆ? ಒಳ್ಗೆ ಬಾರವ್ವ,’ ಎಂದು ಆಚಾರಿ ತಲೆಯೆತ್ತದೆ ಪಿಸುಗುಟ್ಟಿದರು. ‘ಆ ಮಾತ್ರೆ ಒಂದ ಕೊಡು. ಕಣ್ಣು ಬುಡ್ಸೋ ಒತ್ಗೆ ಸೊಂಟ ಕೈಕೊಟ್ಬುಟ್ರೆ ಮಾನ ಓಯ್ತದೆ. ನಿಮ್ಮತ್ತೆಗೆ ಕಾಣ್ದಂಗೆ.’

ಮಾತ್ರೆ ಅವಳ ಕೈಚೀಲದಲ್ಲೇ ಇತ್ತು. ಕೆಲಸ ಶುರುವಾದ ಮೇಲೆ ಸೊಂಟ ಹಿಡಿದುಕೊಂಡು ಮಾವ ಮಣೆಯಿಂದ ಏಳಲಾರದಾದಾಗ, ಪಾಂಡವಪುರದ ಔಷಧಿ ಅಂಗಡಿಯಿಂದ ತಾನಾಗಿಯೇ ತಂದುಕೊಟ್ಟಿದ್ದಳು. ನೋವುಂಡ ಮೈ ದೇವರ ಮುಖ ಮಾಡಬಾರದೆಂದು ಒಂದು ಮಾತಿದೆ. ಸೊಂಟನೋವಿನ ಸುದ್ದಿ ಶಿವಣ್ಣನ ಮನೆಯವರ ಕಿವಿಗೆ ಬಿದ್ದರೆ ಬೆಳ್ಳಿ ಬೇರೆಯವರ ಮಣೆಗೆ ಹೋಗುತ್ತದೆಂಬ ಭಯ ಮಾವನಿಗೆ. ‘ಯಾರ್ಗೂ ಯೋಳ್ಬ್ಯಾಡ’ ಎಂದಿದ್ದರು. ಈ ಮನೆಯಲ್ಲಿ ತನ್ನನ್ನೊಬ್ಬಳನ್ನೇ ನಂಬಿ ಅವರು ಒಪ್ಪಿಸಿದ ಗುಟ್ಟು ಅದೆಂದು ಅನುಶ್ರೀಗೆ ಒಳಗೊಳಗೇ ಹೆಮ್ಮೆಯಾಗಿತ್ತು.

ಅವಳು ಹತ್ತಿರ ಹೋಗಿ ಕುಕ್ಕರಗಾಲಿನಲ್ಲಿ ಕುಳಿತಳು. ಮಾವನ ಮುಖ ಮೇಣದ ಬಣ್ಣಕ್ಕೆ ತಿರುಗಿತ್ತು. ಅಗ್ಗಿಷ್ಟಿಕೆ ಹೊತ್ತಿಸಿರಲಿಲ್ಲ, ಆದರೂ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

‘ಮಾವ, ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನಿಮಗೆ ಹೊರಕಡೆ ಕಪ್ಪಗೆ ಓಯ್ತಾ ಅದಾ?’

ಸುತ್ತಿಗೆ ನಿಂತಿತು. ‘ಸೊಸೆ ಮಾವನ್ನ ಕೇಳೋ ಮಾತೇನವ್ವ ಇದು?’

‘ಕೇಳೋ ಮಾತಲ್ಲ. ಆದ್ರೂ ಕೇಳ್ತಾ ಇದ್ದೀನಿ.’

‘ಅರಗು ಅಂತ ಯೋಳ್ನಿಲ್ವ?’

‘ಅರಗಾಗಿದ್ರೆ ನೀರಿಗೆ ಬಿಡ್ತಿರ್ಲಿಲ್ಲ ಮಾವ.’

ಆಚಾರಿ ಮೊದಲ ಬಾರಿಗೆ ತಲೆಯೆತ್ತಿ ಅವಳನ್ನು ನೋಡಿದರು. ಬಾಳೆಲ್ಲ ಅರಗಿನೊಂದಿಗೆ ಕಳೆದ ಮನುಷ್ಯನಿಗೆ ಆ ಮಾತಿನ ತೂಕವನ್ನು ಬೇರೆ ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ. ಅವರ ಕಣ್ಣಿನಲ್ಲಿ ಒಂದು ಕ್ಷಣ ಅಂಜಿಕೆ ಸುಳಿದು ಹೋಯಿತು. ಮರುಕ್ಷಣವೇ ಅದನ್ನು ನುಂಗಿ ಅವರು ಮುಖ ಬಾಗಿಸಿದರು.

‘ಕಣ್ಣೊಂದ್ ಬುಡ್ಸ್ಬುಡ್ತೀನಿ. ಆಮ್ಯಾಕೆ ಎಲ್ಗಾರ ಕರ್ಕಂಡೋಗು. ಈಗ ಮಾತ್ರೆ ಕೊಡು.’

‘ಕೊಡಲ್ಲ,’ ಎಂದು ಅನುಶ್ರೀ ಎದ್ದಳು. ಮಾವನ ಮಾತಿಗೆ ಅವಳು ಎದುರಾಡಿದ್ದು ಅದೇ ಮೊದಲು.

ಅಡುಗೆಮನೆಯಲ್ಲಿ ಅತ್ತೆ ವೆಂಕಟಮ್ಮ ಬರುವವರಿಗೆಂದು ಪಾನಕಕ್ಕೆ ಬೆಲ್ಲ ಕುಟ್ಟುತ್ತಿದ್ದರು. ಅನುಶ್ರೀ ಕಂಡದ್ದನ್ನು ಕಂಡಂತೆ ಹೇಳಿದಳು. ತಾನು ಮಾತ್ರೆ ಕೊಟ್ಟದ್ದನ್ನೂ ಹೇಳಿದಳು. ಬೈಗುಳಕ್ಕೆ ಅವಳು ಸಿದ್ಧಳಾಗಿದ್ದಳು. ವೆಂಕಟಮ್ಮ ಬೈಯಲಿಲ್ಲ. ಕುಟ್ಟುವ ಗುಂಡನ್ನು ಕೈಯಲ್ಲೇ ಹಿಡಿದು, ಬಾಯಿ ತೆರೆದು, ಸೊಸೆಯನ್ನೇ ನೋಡಿದರು.

‘ನೀನೂ ಕೊಡ್ತಿದ್ದಾ?’

‘ನೀನೂ ಅಂದ್ರೆ?’

ವೆಂಕಟಮ್ಮ ಸೆರಗಿನ ಗಂಟು ಬಿಚ್ಚಿದರು. ಅದರಲ್ಲಿ ವೃತ್ತಪತ್ರಿಕೆಯ ಚೂರಿನಲ್ಲಿ ಮಡಿಸಿದ ಕೆಂಪು ಮಾತ್ರೆಗಳಿದ್ದವು. ಮೇಲೆ ಹೆಸರಿಲ್ಲ, ಊರಿಲ್ಲ. ‘ಅಂಗ್ಡೀಲಿ ಮೈಕೈ ನೋವಿಂದು ಕೊಡಪ್ಪ ಅಂದೆ, ಬುಡಿಬುಡಿಯಾಗಿ ಕಟ್ಟಿಕೊಟ್ಟ. ಬೆಳಿಗ್ಗೆ ಕಾಫಿ ಜೊತ್ಗೆ ಒಂದ, ಮಲ್ಗೋವಾಗ ಒಂದ. ನಿಂಗೆ ಯೋಳ್ಬ್ಯಾಡ ಅಂದಿದ್ರು ಕಣೆ. ಸೊಸೆಗೆ ಗೊತ್ತಾದ್ರೆ ಗಂಡುಂಗೆ, ನಮ್ ಕುಮಾರುಂಗೆ ಫೋನ್ ಮಾಡ್ತಾಳೆ, ಅವ್ನು ಬಂದು ಕೆಲ್ಸ ಬುಡ್ಸ್ತಾನೆ ಅಂತ.’

‘ಬರಿಹೊಟ್ಟೆಗಾ ಅತ್ತೆ?’

‘ಒಪ್ಪೊತ್ನಲ್ಲವ್ರೆ, ಉಣ್ಣಂಗಿಲ್ವಲ್ಲ! ಮಾತ್ರೆ ಏನು ಊಟವಾ? ವ್ರತ ಕೆಡಾಕಿಲ್ಲ ಅಂದ್ಕಂಡೆ.’

ಅನುಶ್ರೀಯೂ ಹಾಗೆಯೇ ಅಂದುಕೊಂಡಿದ್ದಳು. ಆ ಮನೆಯಲ್ಲಿ ಎಲ್ಲರೂ ಹಾಗೆಯೇ ಅಂದುಕೊಂಡಿದ್ದರು. ಮಾತ್ರೆ ವ್ರತವನ್ನು ಕೆಡಿಸುವುದಿಲ್ಲವೆಂಬ ಒಂದನ್ನೇ ಎಲ್ಲರೂ ನೋಡಿದ್ದರು. ಬರಿಯ ಹೊಟ್ಟೆಯನ್ನು ಅದು ಏನು ಮಾಡುತ್ತದೆಂದು ಯಾರೂ ಕೇಳಿರಲಿಲ್ಲ.

ಅವಳು ಹರ್ಷಿತಳಿಗೆ ಫೋನು ಮಾಡಿದಳು. ಹರ್ಷಿತ ಕಾಲೇಜಿನ ಗೆಳತಿ; ಈಗ ಪಾಂಡವಪುರದ ಆಸ್ಪತ್ರೆಯೊಂದರಲ್ಲಿ ನರ್ಸು. ಅಷ್ಟರಲ್ಲಿ ಹೊರಗೆ ಚಪ್ಪಲಿಗಳ ಸದ್ದಾಯಿತು. ಶಿವಣ್ಣ, ಅವನ ಹಿಂದೆ ಹರಿವಾಣ ಹಿಡಿದ ದ್ಯಾವಮ್ಮ, ಕಾರು ನಿಲ್ಲಿಸಿ ಬಂದ ಮಗ ಸಂತೋಷ್.

‘ಏನ್ ಆಚಾರ್ರೇ, ತಾಯಿ ಕಣ್ಬುಡ್ತಾಳಾ ಇಲ್ಲಾ ಇನ್ನೂ ನಿದ್ದೆಲವ್ಳಾ?’ ಎಂದು ಶಿವಣ್ಣ ಹಜಾರದಿಂದಲೇ ಕೂಗಿದ. ಸೊಸೆಯ ಮುಖ ನೋಡಿ ಅವನ ನಗು ಅರ್ಧಕ್ಕೇ ನಿಂತಿತು.

ಅನುಶ್ರೀ ಫೋನಿನ ಸದ್ದನ್ನು ಎಲ್ಲರಿಗೂ ಕೇಳುವಂತೆ ಜೋರು ಮಾಡಿದಳು. ಮುಚ್ಚಿಡುವ ಕಾಲ ಮುಗಿದಿತ್ತು.

‘ಅನು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು,’ ಎಂದಳು ಹರ್ಷಿತ. ‘ಕಪ್ಪು ಅಂದ್ಯಲ್ಲ, ಎಂಥ ಕಪ್ಪು? ರಾಗಿಮುದ್ದೆ ಕಪ್ಪಾ, ರೋಡಿನ ಟಾರು ಕಪ್ಪಾ?’

‘ಟಾರು. ಅಂಟಂಟು. ವಾಸನೆ ಬೇರೆ.’

‘ಮೈ ಬೆವೀತಾ ಅದಾ? ತಣ್ಣಗದಾ? ಎದ್ದು ನಿಂತ್ರೆ ಕಣ್ಣು ಕತ್ಲೆ ಬತ್ತದಾ?’

‘ಗೋಡೆ ಹಿಡ್ಕೊಂಡೇ ಓಡಾಡ್ತಾವ್ರೆ. ಸೊಂಟದ ನೋವಿಗೆ ಅಂದ್ಕೊಂಡಿದ್ವಿ.’

‘ಯಾವ ಮಾತ್ರೆ? ಹಿಂದಗಡೆ ಸಣ್ಣಕ್ಷರ ಓದು.’

ಅನುಶ್ರೀ ಕೈಚೀಲದಿಂದ ಹಳದಿ ಮಾತ್ರೆಯ ಹಾಳೆ ತೆಗೆದು ಬೆಳಕಿಗೆ ಹಿಡಿದಳು. ‘ಡೈಕ್ಲೊಫೆನಾಕ್. ಅತ್ತೆ ಕೊಟ್ಟಿರೋದು ಕೆಂಪು, ಹೆಸ್ರಿಲ್ಲ.’

‘ಅದನ್ನ ಬಿಸಾಕ್ಬೇಡ, ಜೊತೇಲೇ ತಗೊಂಡ್ ಬಾ. ಇನ್ಯಾರಾದ್ರೂ ಕೊಟ್ಟಿದ್ದಾರಾ?’

ಶಿವಣ್ಣನ ಕೈ ತಾನಾಗಿಯೇ ಅಂಗಿಯ ಜೇಬಿಗೆ ಹೋಯಿತು. ಹೋಗಿ ಅಲ್ಲೇ ನಿಂತಿತು. ದ್ಯಾವಮ್ಮ ಗಂಡನನ್ನು ನೋಡಿದಳು. ಅವನು ಮೆಲ್ಲಗೆ ಬಿಳಿಯ ಮಾತ್ರೆಗಳ ಹಾಳೆಯೊಂದನ್ನು ಹೊರತೆಗೆದ.

‘ಕೆ.ಆರ್. ಪೇಟೆ ಸಂತೆಗೋಗಿದ್ದಾಗ ತಂದಿದ್ದೆ,’ ಎಂದ, ಯಾರ ಮುಖವನ್ನೂ ನೋಡದೆ. ‘ಕಬ್ಬು ಕಡ್ಯೋವಾಗ ಈ ಮಾತ್ರೆ ನಂಗೆ ಸಂದಾಗಿ ಇಡೀತದೆ. ಆಚಾರಿ ಸೊಂಟ ಇಡ್ಕಂಡು ಒದ್ದಾಡ್ತಿದ್ದ. ದ್ಯಾವಿಗೆ ಯೋಳ್ಬ್ಯಾಡ ಅಂದ. ಮಧ್ಯಾನ ಬಂದು ಒಂದೊಂದ ಕೊಟ್ಟೋಯ್ತಿದ್ದೆ.’

‘ಅದ್ಕೇ ಮಧ್ಯಾನ ಆದ್ರೆ ಸಾಕು, ಮುಖ ಎಲ್ಲೀಗಂಟ ಬಂತು ನೋಡ್ಕಂಬತ್ತೀನಿ ಅಂತ ಓಡ್ಬತ್ತಿದ್ದಾ?’ ಎಂದಳು ದ್ಯಾವಮ್ಮ.

ಅನುಶ್ರೀ ಆ ಹಾಳೆಯ ಹೆಸರನ್ನೂ ಓದಿ ಹೇಳಿದಳು: ಅಸಿಕ್ಲೊಫೆನಾಕ್. ಫೋನಿನ ಆ ಕಡೆ ಹರ್ಷಿತ ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು.

‘ಹೆಸರು ಬೇರೆ, ಕುಲ ಒಂದೇ ಕಣೆ. ಆ ಕೆಂಪುದೂ ಅದೇ ಕುಲದ್ದೇ ಇರ್ಬೇಕು. ನೋವು ಇಳಿಸ್ತವೆ, ಹಂಗೇ ಹೊಟ್ಟೆ ಒಳಗಿನ ಪೊರೆನೂ ಸವೆಸ್ತವೆ. ಅಂಥದ್ರಲ್ಲಿ ಯಾವಾಗ್ಲೂ ಒಂದೇ ತಗೋಬೇಕು, ಉಂಡ ಮೇಲೆ ತಗೋಬೇಕು, ಸ್ವಲ್ಪ ದಿನ ಮಾತ್ರ ತಗೋಬೇಕು. ಈ ವಯಸ್ಸಿಗೆ ಡಾಕ್ಟರನ್ನ ಕೇಳ್ದೆ ತಗೋಲೇಬಾರ್ದು. ನೀವು ಎಲ್ಲ ಸೇರಿ ಬರಿಹೊಟ್ಟೆಗೆ ಹುಯ್ದಿದ್ದೀರಿ. ಒಳಗಡೆ ರಕ್ತ ಸೋರ್ತಾ ಅದೆ. ಈಗ್ಲೇ ಹೊರಡಿ. ಇನ್ನೊಂದು ಮಾತ್ರೆ ಕೊಡ್ಬೇಡಿ. ತಿನ್ನೋಕೆ, ಕುಡಿಯೋಕೆ ಏನೂ ಕೊಡ್ಬೇಡಿ.’

‘ಒಸಿ ಹಾಲಾರ?’ ಎಂದರು ವೆಂಕಟಮ್ಮ.

‘ಹಾಲೂ ಬೇಡಮ್ಮ. ಹೊಟ್ಟೆ ಖಾಲಿ ಇದ್ರೇ ಡಾಕ್ಟ್ರಿಗೆ ಒಳಗೆ ಏನಾಗಿದೆ ಅಂತ ನೋಡೋಕಾಗೋದು.’

ಎಲ್ಲರೂ ಒಟ್ಟಾಗಿ ಕೆಲಸದ ಕೋಣೆಯ ಬಾಗಿಲಿಗೆ ಬಂದರು. ಆಚಾರಿ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರ ಎಡಗೈಯಲ್ಲಿ ಕಣ್ಣು ಬಿಡಿಸುವ ಸಣ್ಣ ಉಳಿ, ಬಲಗೈಯಲ್ಲಿ ಸುತ್ತಿಗೆ. ಮಣಿಕಟ್ಟಿನಲ್ಲಿ ಬೆವರಿಗೆ ಬಣ್ಣ ಬಿಟ್ಟ ಅರಿಸಿನದ ದಾರ.

‘ಬಣ್ಣ ಬೇರೆಬೇರೆ ಅದ್ವಲ್ಲ,’ ಎಂದರು, ತಮಗೇ ಹೇಳಿಕೊಳ್ಳುವವರಂತೆ. ‘ಅಳದಿ ಕೆಲ್ಸ ಅಳದಿ ಮಾಡ್ತದೆ, ಕೆಂಪಿನ ಕೆಲ್ಸ ಕೆಂಪು ಮಾಡ್ತದೆ ಅಂದ್ಕಂಡೆ.’

‘ಗಿಲೀಟಿನ ಒಡವೆಗೂ ಚಿನ್ನದ ಬಣ್ಣ ಇರ್ತದೆ ಮಾವ,’ ಎಂದಳು ಅನುಶ್ರೀ. ‘ಒರೆಗೆ ಹಚ್ದೆ ಯಾವತ್ತಾದ್ರೂ ನಂಬಿದ್ದೀರಾ? ಏಳಿ. ಕಾರು ಬಾಗ್ಲಲ್ಲೇ ಅದೆ. ವ್ರತವೂ ಕೆಡಲ್ಲ, ಏನೂ ತಿನ್ನಬಾರ್ದು ಅಂತ ಅವಳೇ ಹೇಳಿದ್ಳು.’

‘ಏಳಂಗಿಲ್ಲ ಕಣವ್ವ. ಕಣ್ಣಿಗೆ ಗೆರೆ ಎಳ್ದಾಗದೆ. ಗೆರೆ ಎಳ್ದ ಮ್ಯಾಕೆ ಕುರುಡು ಬುಟ್ಟು ಎದ್ರೆ, ಮಾಡಿದೋನ ಮನೇಗೂ ಒಳ್ಳೇದಲ್ಲ, ಮಾಡಿಸ್ದೋರ ಮನೇಗೂ ಒಳ್ಳೇದಲ್ಲ. ದಾರ ಕೈಲದೆ.’

‘ದಾರ ಬಿಚ್ರಿ ದ್ಯಾವಮ್ಮ,’ ಎಂದು ಅನುಶ್ರೀ ತಿರುಗಿದಳು.

ದ್ಯಾವಮ್ಮ ಹರಿವಾಣವನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಅವಳು ಕೆಟ್ಟವಳಲ್ಲ, ಆದರೆ ಆಸ್ಪತ್ರೆಯ ಮಂಚದ ಮೇಲೆ ಕಣ್ಣು ಮೇಲಾಗಿ ಮಲಗಿದ್ದ ಮೊಮ್ಮಗನನ್ನು ಕಂಡಿದ್ದವಳು. ಅಂದು ಆಡಿದ ಮಾತನ್ನು ಇಂದು ಹಿಂತೆಗೆದುಕೊಂಡರೆ ಆ ಜ್ವರ ದಾರಿ ಹುಡುಕಿಕೊಂಡು ಮರಳಿ ಬಂದೀತೆಂಬ ಹೆದರಿಕೆ ಅವಳ ಮುಖದಲ್ಲಿ ಬರೆದಂತಿತ್ತು.

‘ಚಿನ್ನು ಮನೇಲವ್ನೆ ಕಣವ್ವ,’ ಎಂದಳು. ‘ನಂಗೆ ಕೈ ಬರಾಕಿಲ್ಲ. ಬ್ಯಾಗ ಬುಡ್ಸ್ಬುಡ್ಲಿ. ಎಷ್ಟೊತ್ತಾದಾತು?’

‘ಲೇ ದ್ಯಾವಿ, ಮನುಷ್ಯ ಬೆಳ್ಗಾಗವ್ನೆ ನೋಡೇ!’ ಎಂದ ಶಿವಣ್ಣ.

‘ನೀನು ಸುಮ್ಕಿರು. ಮಾತ್ರೆ ಕೊಡೋವಾಗ ನನ್ನ ಕೇಳಿದ್ದಾ?’

ಆಚಾರಿ ಯಾರ ಮಾತಿಗೂ ಕಾಯಲಿಲ್ಲ. ಉಳಿಯ ಮೊನೆಯನ್ನು ಎಡಗಣ್ಣಿನ ಗೆರೆಯ ಮೇಲಿಟ್ಟರು. ಸುತ್ತಿಗೆ ಎತ್ತಿದರು. ಅನುಶ್ರೀ ಆ ಕೈಯನ್ನು ಎಷ್ಟೋ ಬಾರಿ ನೋಡಿದ್ದಳು. ಎಳ್ಳಿನ ಕಾಳಿನಷ್ಟು ಜಾಗದಲ್ಲಿ ಹೂವಿನ ಎಸಳು ಬಿಡಿಸುವ ಕೈ. ಈಗ ಅದು ಗಾಳಿಗೆ ಸಿಕ್ಕ ಎಲೆಯಂತೆ ಅದುರುತ್ತಿತ್ತು. ಸುತ್ತಿಗೆ ಬಿತ್ತು. ಉಳಿ ಜಾರಿತು. ದೇವಿಯ ಕೆನ್ನೆಯ ಮೇಲೆ ಕಣ್ಣಿನಿಂದ ಇಳಿದಂತೆ ಒಂದು ಗೀರು ಮೂಡಿತು.

ಆಚಾರಿ ಆ ಗೀರನ್ನೇ ದಿಟ್ಟಿಸಿದರು. ಅದನ್ನು ಒರೆಸುವಂತೆ ಹೆಬ್ಬೆರಳು ಮುಂದೆ ಮಾಡಿದರು. ಆ ಬಾಗುವಿಕೆಯಲ್ಲೇ ಅವರ ಮೈ ಮುಂದಕ್ಕೆ ಕುಸಿಯಿತು. ಶಿವಣ್ಣ ಹಾರಿ ಭುಜ ಹಿಡಿಯುವಷ್ಟರಲ್ಲಿ ವಾಂತಿಯಾಗಿತ್ತು. ಮಣೆಯ ಮೇಲೆ, ಅರಗಿನ ಬಟ್ಟಲಿನ ಅಂಚಿನ ಮೇಲೆ, ಕಾಫಿಯ ಚರಟದಂಥ ಕಪ್ಪು; ಅದರ ನಡುವೆ ಹಸಿ ಕೆಂಪು.

ಹರಿವಾಣ ನೆಲಕ್ಕೆ ಬಿದ್ದ ಸದ್ದು ಕೇಳಿಸಿತು. ದ್ಯಾವಮ್ಮ ಎಲ್ಲರನ್ನೂ ಸರಿಸಿಕೊಂಡು ಬಂದು ಆಚಾರಿಯ ಬಲಗೈ ಎಳೆದುಕೊಂಡಳು. ಗಂಟು ಬೆವರಿಗೆ ಬಿಗಿದು ಹೋಗಿತ್ತು, ಉಗುರಿಗೆ ಸಿಗಲಿಲ್ಲ. ಅವಳು ಬಗ್ಗಿ ದಾರಕ್ಕೆ ಹಲ್ಲು ಹಾಕಿ ಕಚ್ಚಿ ತುಂಡರಿಸಿದಳು.

‘ನನ್ನ ತಾಯಿ ಇನ್ನೊಬ್ರ ನೆತ್ರ ಕುಡಿಯೋಳಲ್ಲ,’ ಎಂದಳು, ಬಾಯಲ್ಲಿ ದಾರ ಇರುವಾಗಲೇ. ‘ಕಣ್ಣು ಆಮ್ಯಾಕೆ ಬರ್ಲಿ. ಎತ್ಲಾ ಸಂತೋಷ, ಕಾಲಿಡ್ಕೊ! ಏನ್ ನಿಂತ್ಕಂಡು ನೋಡೀಯೆ?’

ಕಾರಿನ ಹಿಂದಿನ ಸೀಟಿನಲ್ಲಿ ಆಚಾರಿಯನ್ನು ಒಂದು ಮಗ್ಗುಲಾಗಿ ಮಲಗಿಸಿದರು. ತಲೆ ವೆಂಕಟಮ್ಮನ ತೊಡೆಯ ಮೇಲೆ. ಅನುಶ್ರೀ ಸೀಟಿನ ಕೆಳಗೆ ಮಂಡಿಯೂರಿ ಕುಳಿತು ಅವರ ಮಣಿಕಟ್ಟು ಹಿಡಿದಳು. ದಾರವಿದ್ದ ಜಾಗದಲ್ಲಿ ಚರ್ಮ ಹಳದಿಗಟ್ಟಿತ್ತು. ಅದರ ಕೆಳಗೆ ನಾಡಿ ಬೆದರಿದ ಗುಬ್ಬಿಯ ಎದೆಯಂತೆ ಓಡುತ್ತಿತ್ತು. ಶಿವಣ್ಣ ಮುಂದಿನ ಸೀಟಿನಲ್ಲಿ ಕುಳಿತು ನಾಗಮಂಗಲದಲ್ಲಿ ಮರಗೆಲಸಕ್ಕಿದ್ದ ಕುಮಾರನಿಗೆ ಫೋನು ಮಾಡಿದ. ಬರೀ ‘ಬಂದ್ಬುಡ್ಲಾ, ಬಂದ್ಬುಡು’ ಎಂದ.

ಊರು ದಾಟುವವರೆಗೆ ಕಲ್ಲಿನ ಲಾರಿಗಳ ದೂಳು. ಆಚೆಗೆ ರಸ್ತೆ ಬಿಡುವಾಗಿತ್ತು. ಆದರೆ ಪಾಂಡವಪುರ ಹತ್ತಿರವಾದಂತೆ ಕಬ್ಬಿನ ಟ್ರಾಕ್ಟರುಗಳ ಸಾಲು ಎದುರಾಯಿತು. ಒಂದೊಂದರ ಹಿಂದೆಯೂ ಎರಡೆರಡು ಗಾಡಿ, ಎರಡೂ ಬದಿಗೆ ಚಾಚಿದ ಕಬ್ಬು. ಸಂತೋಷ್ ಹಾರನ್ನಿನಿಂದ ಕೈ ತೆಗೆಯಲಿಲ್ಲ. ಮುಂದಿನ ಟ್ರಾಕ್ಟರಿನವನು ಹಿಂತಿರುಗಿಯೂ ನೋಡಲಿಲ್ಲ. ಹಾಕಿಕೊಂಡಿದ್ದ ಹಾಡಿನ ಅಬ್ಬರದಲ್ಲಿ ಅವನಿಗೇನೂ ಕೇಳಿಸುತ್ತಿರಲಿಲ್ಲ. ಕೊನೆಗೆ ಶಿವಣ್ಣ ಚಲಿಸುವ ಕಾರಿನಿಂದಲೇ ಇಳಿದು, ಪಂಚೆ ಎತ್ತಿ ಕಟ್ಟಿ ಓಡಿ, ಟ್ರಾಕ್ಟರಿನ ಮಡ್ಗಾರ್ಡಿಗೆ ಬಡಿದ.

‘ಪಕ್ಕುಕ್ ಆಕ್ಲಾ! ಮನುಷ್ಯ ಸಾಯ್ತಾವ್ನೆ ಇಂದೆ!’

‘ಮಾವ, ಮಾತಾಡ್ತಾ ಇರಿ,’ ಎಂದಳು ಅನುಶ್ರೀ. ‘ಏನಾದ್ರೂ ಹೇಳಿ. ನಿದ್ದೆ ಮಾಡ್ಬೇಡಿ.’

ಆಚಾರಿಯ ರೆಪ್ಪೆ ಅರ್ಧ ತೆರೆಯಿತು. ‘ಶಿವಣ್ಣಂಗೆ ಯೋಳು,’ ಎಂದರು, ಗಾಳಿಯಂಥ ದನಿಯಲ್ಲಿ. ‘ಅವನ್ ಮಾತ್ರೆನೇ... ಎಲ್ಲಾದ್ಕಿಂತ ಜೋರಾಗಿತ್ತು.’

ವೆಂಕಟಮ್ಮ ಅಳುತ್ತಲೇ ಗಂಡನ ಕೆನ್ನೆಗೆ ಮೆಲ್ಲಗೆ ತಟ್ಟಿದರು. ‘ಈ ಒತ್ನಲ್ಲೂ ನಿಮ್ಗೆ ಒರೆ ಅಚ್ಚೋ ಬುದ್ಧಿ.’

ಟ್ರಾಕ್ಟರು ಮಣ್ಣಿನ ಅಂಚಿಗೆ ವಾಲಿತು, ಶಿವಣ್ಣ ಓಡಿಬಂದು ಕಾರು ಹತ್ತಿದ. ಸಂತೋಷ್ ಕಬ್ಬಿನ ಗರಿ ಗಾಜಿಗೆ ಉಜ್ಜುವಂತೆ ಕಾರನ್ನು ನುಗ್ಗಿಸಿದ.

ಆಸ್ಪತ್ರೆಯ ಬಾಗಿಲಲ್ಲಿ ಹರ್ಷಿತ ಗಾಲಿಮಂಚದೊಂದಿಗೆ ನಿಂತಿದ್ದಳು. ಎರಡು ತೋಳಿಗೂ ಸೂಜಿ ಚುಚ್ಚಿದರು, ನೀರು ಏರಿಸಿದರು, ರಕ್ತದ ಗುಂಪು ನೋಡಿದರು. ಹೊಟ್ಟೆಯೊಳಗೆ ನಳಿಕೆ ಇಳಿಸಿ ನೋಡುವ ಸಲಕರಣೆ ಮಂಡ್ಯದಲ್ಲಿದೆ, ಆಂಬುಲೆನ್ಸಿನಲ್ಲೇ ಕಳಿಸುತ್ತೇವೆ ಎಂದರು ವೈದ್ಯೆ. ಹೊರಡಿಸುವ ಮುನ್ನ ಅವರು ಹಜಾರಕ್ಕೆ ಬಂದು ಕೇಳಿದರು: ‘ಈ ಮಾತ್ರೆಗಳನ್ನೆಲ್ಲ ಕೊಟ್ಟವರು ಯಾರು?’

‘ನಾನು,’ ಎಂದಳು ಅನುಶ್ರೀ. ಅದೇ ಉಸಿರಿನಲ್ಲಿ ವೆಂಕಟಮ್ಮ ‘ನಾನೇ’ ಎಂದರು. ಗೋಡೆಗೊರಗಿದ್ದ ಶಿವಣ್ಣ ಕೈ ಎತ್ತಿದ, ಶಾಲೆಯ ಹುಡುಗನಂತೆ.

ವೈದ್ಯೆ ಅವರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಬೈಯಲು ಬಂದವರು ಬೈಯಲಿಲ್ಲ. ‘ಒಬ್ಬರಿಗೊಬ್ಬರು ಹೇಳಿಕೊಂಡಿದ್ದರೆ ಸಾಕಾಗಿತ್ತು,’ ಎಂದಷ್ಟೇ ಹೇಳಿ ಒಳಗೆ ಹೋದರು. ಬೈದಿದ್ದರೇ ವಾಸಿಯಿತ್ತು ಎಂದು ಅನುಶ್ರೀಗೆ ಅನ್ನಿಸಿತು.

ಮಂಡ್ಯದಲ್ಲಿ ಆ ಹಗಲು ಬಹಳ ಉದ್ದವಾಗಿತ್ತು. ಕುಮಾರ್ ಮರದ ಹೊಟ್ಟು ಮೆತ್ತಿದ ಅಂಗಿಯಲ್ಲೇ ಬಂದು ರಕ್ತ ಕೊಟ್ಟ; ಸಂತೋಷನೂ ಕೊಟ್ಟ. ನಳಿಕೆಯ ಮೂಲಕ ಹುಣ್ಣು ಕಂಡಿತು. ರಕ್ತ ಒಸರುತ್ತಿದ್ದ ಬಾಯನ್ನು ಅದರಲ್ಲೇ ಮುಚ್ಚಿದರು. ಹಿಂದಿನಿಂದ ಬಸ್ಸು ಹಿಡಿದು ಬಂದು ಅನುಶ್ರೀಯ ಮಗ್ಗುಲಲ್ಲಿ ಕುಳಿತ ದ್ಯಾವಮ್ಮ ಮಧ್ಯೆ ಮಧ್ಯೆ ಮನೆಗೆ ಫೋನು ಮಾಡಿ, ‘ಮಗ ಎಂಗವ್ನೆ? ಮೈ ಮುಟ್ನೋಡು’ ಎಂದು ಕೇಳುತ್ತಿದ್ದಳು. ಚಿನ್ನು ಮೊಸರನ್ನ ಉಂಡು ಬೀದಿಯಲ್ಲಿ ಆಡುತ್ತಿದ್ದಾನೆ ಎಂಬ ಉತ್ತರ ಬಂದಾಗಲೆಲ್ಲ ಅವಳು ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದಳು. ಇಳಿಹೊತ್ತಿಗೆ ವೈದ್ಯರು ಹೊರಬಂದು, ರಕ್ತ ನಿಂತಿದೆ, ಎಚ್ಚರವಾಗಿದ್ದಾರೆ ಎಂದಾಗಲೂ ಅವಳು ಮುಗಿದ ಕೈ ಬಿಡಿಸಲಿಲ್ಲ.

ಆಚಾರಿ ಮನೆಗೆ ಬಂದ ಮೇಲೂ ಬೆಳ್ಳಿಯ ಮುಖ ಬಹಳ ದಿನ ಬಿಳಿಯ ಬಟ್ಟೆಯ ಕೆಳಗೆ ಕುರುಡಾಗಿಯೇ ಮಲಗಿತ್ತು. ಸೊಂಟದ ನೋವೇನೂ ಮಾಯವಾಗಲಿಲ್ಲ. ವೈದ್ಯರು ಆ ಕುಲದ ಮಾತ್ರೆಗಳನ್ನು ಇನ್ನು ಮುಟ್ಟಲೇಬಾರದೆಂದರು. ತೀರ ತಡೆಯದಿದ್ದರೆ ಅಳತೆಯಲ್ಲಿ ಪ್ಯಾರಾಸಿಟಮಾಲ್, ಉಳಿದಂತೆ ಬಿಸಿನೀರಿನ ಶಾಖ, ಬೆನ್ನಿನ ವ್ಯಾಯಾಮ, ಎಲ್ಲಕ್ಕಿಂತ ಮುಖ್ಯವಾಗಿ ಆ ಮಣೆಯಿಂದ ಬಿಡುಗಡೆ. ಕುಮಾರ್ ಎದೆಮಟ್ಟದ ಮೇಜೊಂದನ್ನೂ ಬೆನ್ನು ಆನಿಸುವ ಕುರ್ಚಿಯೊಂದನ್ನೂ ಮಾಡಿದ. ‘ಅಕ್ಕಸಾಲಿ ಕುರ್ಚೀಲಿ ಕುಂತ್ರೆ ಗುಮಾಸ್ತ ಅಂದ್ಕಂಡಾರು ಕಣ್ಲಾ’ ಎಂದು ಗೊಣಗಿ ಆಚಾರಿ ಅದರಲ್ಲಿ ಕುಳಿತರು. ಮನೆಯಲ್ಲಿ ಮಾತ್ರೆಯೆಂಬುದು ಇನ್ನು ಅನುಶ್ರೀಯ ಕೈಯಿಂದಲೇ ಬರಬೇಕೆಂಬ ಹೊಸ ಕಟ್ಟಳೆಯೂ ಆಯಿತು. ಆದರೂ ಅವಳು ಕೊಟ್ಟದ್ದನ್ನು ಆಚಾರಿ ನೇರವಾಗಿ ಬಾಯಿಗೆ ಹಾಕಿಕೊಳ್ಳುತ್ತಿರಲಿಲ್ಲ. ಹರಳು ನೋಡುವ ಭೂತಗನ್ನಡಿಯನ್ನು ಕಣ್ಣಿಗಿಟ್ಟು ಹಾಳೆಯ ಹಿಂದಿನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ, ‘ಇವತ್ತು ಇನ್ಯಾರಾರ ಏನಾರ ಕೊಟ್ಟಿದ್ದೀರೇನ್ರವ್ವಾ?’ ಎಂದು ಮನೆಯೆಲ್ಲ ಕೇಳುವಂತೆ ಕೂಗಿ, ಆಮೇಲೆ ನುಂಗುತ್ತಿದ್ದರು.

ಕೊನೆಗೆ ಒಂದು ಬೆಳಗ್ಗೆ ಅವರು ಬಟ್ಟೆ ಸರಿಸಿ, ಶಿವಣ್ಣನಿಗೆ ಹೇಳಿಕಳಿಸಿದರು.

ದ್ಯಾವಮ್ಮ ಹರಿವಾಣ ಹಿಡಿದು ಬಂದಳು. ಹರಿವಾಣದಲ್ಲಿ ಅರಿಸಿನದ ದಾರವಿತ್ತು. ಪಕ್ಕದಲ್ಲಿ ಬಾಳೆಲೆಯಲ್ಲಿ ಸುತ್ತಿದ ಬಿಸಿ ಅಕ್ಕಿರೊಟ್ಟಿ, ಅವರೆಕಾಳಿನ ಪಲ್ಯ. ಆಚಾರಿ ಅಭ್ಯಾಸಬಲದಿಂದ ಬಲಗೈ ಚಾಚಿದರು.

‘ಕೈ ಆಮ್ಯಾಕೆ,’ ಎಂದಳು ಅವಳು. ‘ಮೊದ್ಲು ಉಣ್ಣು.’

‘ಕಟ್ಟಳೆ?’

‘ಕಟ್ಟೋಳು ನಾನು. ಕಟ್ಟಳೆ ನಂಗೆ ಯೋಳ್ಕೊಡೀಯಾ? ಉಣ್ಣು ಅಂದೆ.’

ಆಚಾರಿ ವೆಂಕಟಮ್ಮನ ಕಡೆ ನೋಡಿದರು. ಆಕೆ ಗೋಡೆ ನೋಡುತ್ತಿದ್ದರು. ಶಿವಣ್ಣ ಸೂರಿನ ಹಂಚು ಎಣಿಸುವವನಂತೆ ನಿಂತಿದ್ದ. ಅವರು ಎಲೆ ಬಿಚ್ಚಿದರು. ರೊಟ್ಟಿ ಮುರಿದು ನಿಧಾನವಾಗಿ ಅಗಿದರು. ಮೇಜಿನ ಮೇಲೆ ಬೆಳ್ಳಿಯ ಮುಖ, ಕೆನ್ನೆಯ ಮೇಲಿನ ಆ ಗೀರಿನೊಡನೆ, ಅವರು ಉಂಡು ಮುಗಿಸುವುದನ್ನೇ ಕಾಯುತ್ತಿತ್ತು.

‘ಆ ಗೀರು ಅಳಿಸ್ಬುಡ್ಲಾ?’ ಎಂದು ಕೇಳಿದರು, ಕೈ ತೊಳೆದು ಬಂದು.

‘ಇರ್ಲಿ ಬುಡು,’ ಎಂದಳು ದ್ಯಾವಮ್ಮ, ದಾರದ ಗಂಟು ಬಿಗಿಯುತ್ತಾ. ಈ ಸಲ ಅವಳು ಹಾಕಿದ್ದು ಜಾರುಗಂಟು; ಒಂದೇ ಎಳೆತಕ್ಕೆ ಬಿಚ್ಚುವಂಥದ್ದು. ಅದನ್ನು ಅನುಶ್ರೀ ನೋಡಿದಳು.

ಆಚಾರಿ ಬೆನ್ನನ್ನು ಕುರ್ಚಿಗೆ ಆನಿಸಿದರು, ಉಳಿಯನ್ನು ಗೆರೆಯ ಮೇಲಿಟ್ಟರು. ಕೈ ಅದುರಲಿಲ್ಲ.